ಪ್ರಾಚೀನ ಆಂಗ್ಲ ವೀರಕಾವ್ಯದಲ್ಲಿ ವೀರಧರ್ಮ ಮತ್ತು ದೈವಶ್ರದ್ಧೆ

ಜನಾಂಗವೊಂದು ತನ್ನ ಪೂರ್ವಾಚಾರವನ್ನು ಬಿಟ್ಟು ಹೊಸ ಮತವೊಂದನ್ನು ಅಂಗೀಕರಿಸಿದಾಗ ಅದರ ಮುಂದೆ ಕಠಿನವಾದ ಪ್ರಶ್ನೆಯೊಂದು ತಾನಾಗಿಯೇ ಬಂದು ನಿಲ್ಲುತ್ತದೆ. ಆರಾಧ್ಯದೈವ ಬದಲಾಗಬಹುದು, ಪೂಜಾವಿಧಾನ ಬದಲಾಗಬಹುದು. ಆದರೆ ತಾತಮುತ್ತಾತಂದಿರು ಬದಲಾಗುವುದಿಲ್ಲ. ಹೊಸ ಬೆಳಕನ್ನು ಕಾಣದೆಯೇ ಕಣ್ಮುಚ್ಚಿದ ಆ ಹಿರಿಯರ ಗತಿಯೇನು? ಅವರ ಶೌರ್ಯ, ಅವರ ಔದಾರ್ಯ, ಕೊಟ್ಟ ಮಾತಿಗಾಗಿ ಅವರು ತೆತ್ತ ಪ್ರಾಣ, ಇವೆಲ್ಲವೂ ವ್ಯರ್ಥವೆಂದು ಎಣಿಸಬೇಕೆ? ಅವರ ಕಥೆಗಳನ್ನು ಹಾಡುವುದು ಪಾಪವೊ, ಪುಣ್ಯವೊ? ಈ ಪ್ರಶ್ನೆಯನ್ನು ಎದುರಿಸಿದ ಜನಾಂಗಗಳಲ್ಲಿ ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ನರೂ ಸೇರಿದ್ದಾರೆ. ಅವರು ಕೇವಲ ಎದುರಿಸಿ ಸುಮ್ಮನಾಗಲಿಲ್ಲ. ವೀರಕಾವ್ಯವೊಂದರ ಮೂಲಕ ಅದಕ್ಕೆ ಉತ್ತರವನ್ನೂ ಇತ್ತರು. ಆ ಉತ್ತರ ಇಂದಿಗೂ ಮನನಯೋಗ್ಯವಾಗಿದೆ.

ರೋಮಿನ ಧರ್ಮಗುರು ಗ್ರೆಗರಿಯು ಕಳುಹಿದ ಅಗಸ್ಟೀನನೆಂಬ ಸಂನ್ಯಾಸಿ ಕ್ರಿ.ಶ. 597ರಲ್ಲಿ ಕೆಂಟ್ ಪ್ರಾಂತಕ್ಕೆ ಬಂದಿಳಿದಾಗ ಆ ಜನರಲ್ಲಿ ಕ್ರೈಸ್ತಮತದ ಪ್ರಸಾರ ಆರಂಭವಾಯಿತು. ನಾಲ್ಕು ವರ್ಷಗಳ ತರುವಾಯ, 601ರಲ್ಲಿ, ಅದೇ ಗ್ರೆಗರಿಯು ಮೆಲ್ಲಿಟಸ್ ಎಂಬ ಮಠಾಧಿಪತಿಗೆ ಬರೆದ ಪತ್ರ ಪ್ರಸಿದ್ಧವಾಗಿದೆ. ಪ್ರಾಚೀನ ದೇವಾಲಯಗಳನ್ನು ಕೆಡವಬೇಡಿರಿ. ಒಳಗಿನ ವಿಗ್ರಹಗಳನ್ನು ತೆಗೆದು, ಕಟ್ಟಡವನ್ನು ಶುದ್ಧೀಕರಿಸಿ, ಅಲ್ಲಿಯೇ ಹೊಸ ಪೂಜೆಯನ್ನು ನಡೆಸಿರಿ ಎಂಬುದು ಅದರ ಸಾರಾಂಶ. ಜನ ತಮಗೆ ಪರಿಚಿತವಾದ ಸ್ಥಳಕ್ಕೆ ಬರುತ್ತ ಬರುತ್ತ ಹೊಸ ಶ್ರದ್ಧೆಯನ್ನು ರೂಢಿಸಿಕೊಳ್ಳುತ್ತಾರೆಂಬುದು ಆ ದೂರದರ್ಶಿಯ ಎಣಿಕೆ. ಆದರೆ ಸರಿಸುಮಾರು ಎರಡು ಶತಮಾನಗಳ ಮೇಲೆ, 797ರಲ್ಲಿ, ಯಾರ್ಕ್ ನಗರದ ಮಹಾವಿದ್ವಾಂಸನಾದ ಆಲ್ಕ್ವಿನನು ಬಿಷಪ್ಪನೊಬ್ಬನಿಗೆ ಬರೆದ ಪತ್ರದ ಧ್ವನಿಯೇ ಬೇರೆ. ಮಠದ ಭೋಜನಶಾಲೆಯಲ್ಲಿ ಧರ್ಮಗ್ರಂಥದ ಪಠನವಾಗಬೇಕೇ ಹೊರತು ವೀಣೆಯವನ ಹಾಡಲ್ಲ. ಇಂಗೆಲ್ಡನೆಂಬ ಹಳೆಯ ವೀರನಿಗೂ ಕ್ರಿಸ್ತನಿಗೂ ಏನು ಸಂಬಂಧ, ಮನೆ ಇಕ್ಕಟ್ಟಾದುದು, ಇಬ್ಬರಿಗೂ ಅಲ್ಲಿ ಎಡೆಯಿಲ್ಲ ಎಂದು ಅವನು ಕಟುವಾಗಿ ಎಚ್ಚರಿಸಿದನು. ಎಚ್ಚರಿಕೆ ಬೇಕಾಯಿತೆಂಬುದರಿಂದಲೇ ಒಂದು ಸಂಗತಿ ಹೊರಪಡುತ್ತದೆ. ಮಠಗಳಲ್ಲಿ ಹಳೆಯ ವೀರರ ಹಾಡುಗಳನ್ನು ಆಸಕ್ತಿಯಿಂದ ಕೇಳುವವರಿದ್ದರು.

ಮನೆ ನಿಜವಾಗಿಯೂ ಇಕ್ಕಟ್ಟಾಗಿತ್ತೆ? ಈ ಪ್ರಶ್ನೆಗೆ ಸಾಕ್ಷಿಯಾಗಿ ನಿಲ್ಲುವ ಕೃತಿ ‘ಬಿಯೊವುಲ್ಫ್’. ಆಲ್ಕ್ವಿನನು ಹೆಸರಿಸಿದ ಇಂಗೆಲ್ಡನ ಕಥೆಯೂ ಈ ಕಾವ್ಯದೊಳಗೆ ಉಪಾಖ್ಯಾನವಾಗಿ ಬರುತ್ತದೆಂಬುದು ಗಮನಾರ್ಹ. 3182 ಪಂಕ್ತಿಗಳ ಈ ಕಾವ್ಯದ ಕರ್ತೃವಾರೆಂಬುದು ತಿಳಿದಿಲ್ಲ. ರಚನೆಯ ಕಾಲವನ್ನು ಎಂಟನೆಯ ಶತಮಾನವೆನ್ನುವವರೂ ಅದಕ್ಕಿಂತ ಈಚಿನದೆನ್ನುವವರೂ ಉಂಟು. ಉಳಿದು ಬಂದಿರುವುದು ಒಂದೇ ಒಂದು ಹಸ್ತಪ್ರತಿ. ಕ್ರಿ.ಶ. 1000ದ ಆಸುಪಾಸಿನಲ್ಲಿ ಇಬ್ಬರು ಲಿಪಿಕಾರರು ಚರ್ಮದ ಹಾಳೆಗಳ ಮೇಲೆ ಬರೆದ ಆ ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಅದೇ ಸಂಪುಟದಲ್ಲಿ ಸಂತನೊಬ್ಬನ ಚರಿತ್ರೆಯೂ, ಭಾರತದ ಅದ್ಭುತಗಳನ್ನು ಅಲೆಕ್ಸಾಂಡರನು ತನ್ನ ಗುರು ಅರಿಸ್ಟಾಟಲನಿಗೆ ಬರೆದು ತಿಳಿಸಿದನೆಂಬ ಕಲ್ಪಿತ ಪತ್ರವೂ ಸೇರಿಕೊಂಡಿವೆ. ಛಂದಸ್ಸಿನ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬಹುದು. ಕನ್ನಡ ಕಾವ್ಯದಲ್ಲಿ ಪಾದದ ಎರಡನೆಯ ಅಕ್ಷರ ಪ್ರಾಸವನ್ನು ಹೊರುವಂತೆ, ಆ ಭಾಷೆಯಲ್ಲಿ ಒತ್ತಿ ನುಡಿಯುವ ಶಬ್ದಗಳ ಮೊದಲ ಧ್ವನಿಯೇ ಮರುಕೊಳಿಸಿ ಪಂಕ್ತಿಯ ಎರಡು ಅರ್ಧಗಳನ್ನು ಬೆಸೆಯುತ್ತದೆ. ಹಾಡಿ ಕೇಳಿಸುವುದಕ್ಕೆಂದೇ ಹುಟ್ಟಿದ ಬಂಧವದು.

ಕಥೆಯ ಸ್ಥಳ ಇಂಗ್ಲೆಂಡಲ್ಲ. ಆಂಗ್ಲರ ಪೂರ್ವಿಕರು ಬಿಟ್ಟು ಬಂದ ಉತ್ತರದ ಸಮುದ್ರತೀರ. ಡೇನರ ದೊರೆ ಹ್ರೋಥ್‌ಗಾರನು ಹೆಯೊರೊಟ್ ಎಂಬ ಭವ್ಯವಾದ ಸಭಾಮಂದಿರವನ್ನು ಕಟ್ಟಿಸುತ್ತಾನೆ. ಅಲ್ಲಿನ ಹಾಡು ನಗೆಗಳನ್ನು ಸಹಿಸದ ಗ್ರೆಂಡೆಲ್ ಎಂಬ ರಾಕ್ಷಸನು ಹನ್ನೆರಡು ವರ್ಷಗಳ ಕಾಲ ರಾತ್ರಿಯಲ್ಲಿ ನುಗ್ಗಿ ವೀರರನ್ನು ತಿನ್ನುತ್ತಾನೆ. ದಕ್ಷಿಣ ಸ್ವೀಡನ್ನಿನ ಗೀಟ್ ಕುಲದ ತರುಣ ಬಿಯೊವುಲ್ಫನು ಹದಿನಾಲ್ವರು ಸಂಗಡಿಗರೊಡನೆ ಕಡಲು ದಾಟಿ ಬಂದು, ಆಯುಧವಿಲ್ಲದೆ ಬರಿಗೈಯಲ್ಲಿ ಅವನನ್ನು ಎದುರಿಸಿ ತೋಳನ್ನು ಕಿತ್ತು ಕೊಲ್ಲುತ್ತಾನೆ. ಮಗನ ಸಾವಿಗೆ ಸೇಡು ತೀರಿಸಲು ಬಂದ ರಾಕ್ಷಸಿಯನ್ನು ಮಡುವಿನ ಆಳಕ್ಕಿಳಿದು ವಧಿಸುತ್ತಾನೆ. ತರುವಾಯ ತನ್ನ ನಾಡಿನಲ್ಲಿ ಐವತ್ತು ವರ್ಷ ಅರಸನಾಗಿ ಆಳಿ, ಮುಪ್ಪಿನಲ್ಲಿ ಬೆಂಕಿಯುಗುಳುವ ಸರ್ಪವೊಂದನ್ನು ಎದುರಿಸಿ, ಅದನ್ನು ಕೊಂದು ತಾನೂ ಮಡಿಯುತ್ತಾನೆ. ಕಥೆ ಇಷ್ಟೇ. ಆದರೆ ಕಾವ್ಯದ ತೂಕ ಇರುವುದು ಈ ಮೂರು ಕಾಳಗಗಳ ನಡುವೆ ನೆರೆದಿರುವ ನೆನಪು, ಉಪದೇಶ, ಶೋಕಗಳಲ್ಲಿ.

ಮೊದಲು ವೀರಧರ್ಮವನ್ನು ನೋಡಬೇಕು. ಅದರ ಮೂಲ ಒಡೆಯನಿಗೂ ಅನುಚರರಿಗೂ ಇರುವ ಬಾಂಧವ್ಯದಲ್ಲಿದೆ. ಒಡೆಯನು ಕತ್ತಿ, ಕವಚ, ಕುದುರೆ, ಚಿನ್ನದ ಕಡಗಗಳನ್ನು ಕೊಡುತ್ತಾನೆ. ಅನುಚರನು ಸಭಾಮಂದಿರದಲ್ಲಿ ಮಧುಪಾತ್ರೆಯನ್ನು ಕೈಯಲ್ಲಿ ಹಿಡಿದು ತಾನು ಮಾಡುವ ಸಾಹಸವನ್ನು ಎಲ್ಲರೆದುರು ನುಡಿಯುತ್ತಾನೆ. ಹಾಗೆ ನುಡಿದ ಮಾತು ಬರಿಯ ಬಡಾಯಿಯಲ್ಲ, ಪ್ರತಿಜ್ಞೆ. ನಡೆಸದೆ ಬದುಕಿದರೆ ಅವನು ಇದ್ದೂ ಸತ್ತಂತೆ. ರೋಮಿನ ಇತಿಹಾಸಕಾರ ಟ್ಯಾಸಿಟಸನು ಕ್ರಿ.ಶ. 98ರಷ್ಟು ಹಿಂದೆಯೇ ಜರ್ಮನ್ ಕುಲಗಳನ್ನು ಕುರಿತು ಬರೆಯುತ್ತ, ನಾಯಕನು ಬಿದ್ದ ಕಣದಿಂದ ಜೀವಸಹಿತ ಹಿಂದಿರುಗುವುದು ಬಾಳಿನುದ್ದಕ್ಕೂ ಅಳಿಯದ ಅಪಕೀರ್ತಿಯೆಂದು ಅವರು ಭಾವಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ‘ಜೋಳದ ಪಾಳಿ’ ಎಂಬ ಮಾತು ಹೊಸದಲ್ಲ. ಒಡೆಯನ ಅನ್ನದ ಋಣವನ್ನು ಪ್ರಾಣವಿತ್ತು ತೀರಿಸುವ ಆ ಕಟ್ಟಳೆಯನ್ನು ನೆನೆದರೆ ಈ ದೂರದ ಜನರ ಅಂತರಂಗ ಅಷ್ಟೇನೂ ದೂರದ್ದೆನಿಸುವುದಿಲ್ಲ.

ಈ ವೀರಧರ್ಮಕ್ಕೆ ಇನ್ನೊಂದು ಆಧಾರ ಕೀರ್ತಿ. ಬಾಳು ಅಲ್ಪಕಾಲದ್ದು, ಮರಣಾನಂತರ ಏನಾಗುವುದೋ ಬಲ್ಲವರಿಲ್ಲ, ಉಳಿಯುವುದು ಬದುಕಿರುವವರ ನಾಲಗೆಯ ಮೇಲಿನ ಹೊಗಳಿಕೆಯೊಂದೇ ಎಂಬ ನಂಬಿಕೆ ಪ್ರಾಚೀನವಾದುದು. ಅದರ ಜೊತೆಗೆ ‘ವಿರ್ಡ್’ ಎಂಬ ಕಲ್ಪನೆಯೂ ಇದೆ. ಅದನ್ನು ವಿಧಿಯೆಂದು ಅನುವಾದಿಸಬಹುದಾದರೂ, ಕೈಕಟ್ಟಿ ಕುಳಿತವನ ವಿಧಿವಾದವಲ್ಲ ಅದು. ಸಾವು ನಿಶ್ಚಯವಾಗಿಲ್ಲದವನನ್ನು, ಅವನ ಎದೆ ಗಟ್ಟಿಯಾಗಿದ್ದರೆ, ವಿಧಿಯೂ ಹಲವು ವೇಳೆ ಕಾಯುತ್ತದೆಂಬುದು ಬಿಯೊವುಲ್ಫನ ಅನುಭವವಾಣಿ. ಪೌರುಷಕ್ಕೆ ಎಡೆಯಿಟ್ಟೇ ವಿಧಿಗೆ ತಲೆಬಾಗುವ ಮನೋಧರ್ಮ ಇಲ್ಲಿಯದು.

ಇನ್ನು ದೈವಶ್ರದ್ಧೆ. ಕಾವ್ಯದ ತುಂಬ ಒಬ್ಬನೇ ದೇವರ ನೆನಪು ಮತ್ತೆ ಮತ್ತೆ ಬರುತ್ತದೆ. ಹೆಯೊರೊಟ್ ಮಂದಿರದಲ್ಲಿ ಗಾಯಕನು ಹಾಡುವುದು ಸೃಷ್ಟಿಯ ಕಥೆಯನ್ನು. ಅದನ್ನು ಕೇಳಿಯೇ ಗ್ರೆಂಡೆಲನ ಎದೆ ಕುದಿಯುತ್ತದೆ. ಗ್ರೆಂಡೆಲನ ವಂಶವೂ ತಮ್ಮನನ್ನು ಕೊಂದ ಕೇನನಿಂದ ಇಳಿದುಬಂದದ್ದು. ಮಡುವಿನಡಿಯಲ್ಲಿ ಬಿಯೊವುಲ್ಫನಿಗೆ ಸಿಕ್ಕಿದ ದೈತ್ಯರ ಕತ್ತಿಯ ಹಿಡಿಯ ಮೇಲೆ ಜಲಪ್ರಳಯದ ಕಥೆ ಕೊರೆದಿದೆ. ಗೆದ್ದಾಗ ವೀರನು ದೇವರನ್ನು ನೆನೆಯುತ್ತಾನೆ. ದೊರೆ ಹ್ರೋಥ್‌ಗಾರನೂ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾನೆ. ಆದರೆ ಒಂದು ವಿಚಿತ್ರವಿದೆ. ಕಾವ್ಯದಲ್ಲಿ ಎಲ್ಲಿಯೂ ಕ್ರಿಸ್ತನ ಹೆಸರಿಲ್ಲ, ಶಿಲುಬೆಯಿಲ್ಲ, ಸಂತರಿಲ್ಲ. ಬೈಬಲಿನ ಹಳೆಯ ಒಡಂಬಡಿಕೆಯ ಮೊದಲ ಭಾಗದ ಪ್ರಸಂಗಗಳನ್ನು ಬಿಟ್ಟು ಕವಿ ಮುಂದೆ ಹೋಗುವುದೇ ಇಲ್ಲ. ಅದಲ್ಲದೆ, ಗ್ರೆಂಡೆಲನ ಹಾವಳಿಯನ್ನು ತಾಳಲಾರದೆ ಡೇನರು ತಮ್ಮ ಹಳೆಯ ಗುಡಿಗಳಲ್ಲಿ ಹರಕೆ ಹೊತ್ತರೆಂದೂ, ನಿಜವಾದ ದೇವರನ್ನು ಅವರು ಅರಿತಿರಲಿಲ್ಲವೆಂದೂ ಕವಿಯೇ ಬಾಯಿಬಿಟ್ಟು ಹೇಳುತ್ತಾನೆ. ಒಂದೆಡೆ ದೇವರನ್ನು ವಂದಿಸುವ ದೊರೆ, ಇನ್ನೊಂದೆಡೆ ದೇವರನ್ನರಿಯದ ಪ್ರಜೆ. ಇದರ ಸಮನ್ವಯ ಹೇಗೆ?

ಹತ್ತೊಂಬತ್ತನೆಯ ಶತಮಾನದ ಅನೇಕ ವಿದ್ವಾಂಸರು ಇದಕ್ಕೆ ಸುಲಭವಾದ ಪರಿಹಾರವೊಂದನ್ನು ಕಂಡುಕೊಂಡಿದ್ದರು. ಮೂಲಕಾವ್ಯ ಶುದ್ಧ ಪ್ರಾಚೀನರದು. ಮತೀಯ ಭಾಗಗಳು ಯಾವನೋ ಸಂನ್ಯಾಸಿ ಆಮೇಲೆ ಹಚ್ಚಿದ ತೇಪೆ. ಕಿತ್ತು ಹಾಕಿದರೆ ಅಪರಂಜಿ ಉಳಿಯುತ್ತದೆ ಎಂದು ಅವರು ವಾದಿಸಿದರು. ಅದಕ್ಕೆ ಎದುರಾಗಿ ಇಡೀ ಕಾವ್ಯವೇ ಕ್ರೈಸ್ತ ರೂಪಕ, ಬಿಯೊವುಲ್ಫನು ಕ್ರಿಸ್ತನ ಪ್ರತೀಕ ಎನ್ನುವ ಪಕ್ಷವೂ ಹುಟ್ಟಿತು. ಈ ಎರಡು ಪಕ್ಷಗಳೂ ಕಾವ್ಯಕ್ಕೆ ಅನ್ಯಾಯ ಮಾಡುತ್ತವೆ ಎನ್ನದೆ ವಿಧಿಯಿಲ್ಲ. ಜರ್ಮನ್ ವಿದ್ವಾಂಸ ಕ್ಲೇಬರನು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ದೈವಪರವಾದ ಮಾತುಗಳು ಕಾವ್ಯದ ಭಾಷೆಯಲ್ಲಿ, ಕಲ್ಪನೆಯಲ್ಲಿ, ಪಾತ್ರಗಳ ಸ್ವಭಾವದಲ್ಲಿ ಹಾಲುನೀರಿನಂತೆ ಬೆರೆತಿವೆಯೆಂದೂ ಅವನ್ನು ಬೇರ್ಪಡಿಸಲು ಬಾರದೆಂದೂ ತೋರಿಸಿದನು. 1936ರಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನರು ಮಾಡಿದ ಉಪನ್ಯಾಸ ಈ ಕಾವ್ಯದ ವಿಮರ್ಶೆಯ ದಿಕ್ಕನ್ನೇ ಬದಲಿಸಿತು. ರಾಕ್ಷಸರೂ ಸರ್ಪವೂ ಕಾವ್ಯದ ದೋಷವಲ್ಲ, ಅವೇ ಅದರ ಕೇಂದ್ರ. ಕೊನೆಗೆ ಸೋಲುವೆನೆಂದು ತಿಳಿದೂ ಕತ್ತಲೆಯೊಡನೆ ಹೋರಾಡುವ ಮನುಷ್ಯನೇ ಇಲ್ಲಿಯ ವಸ್ತು ಎಂದು ಅವರು ಪ್ರತಿಪಾದಿಸಿದರು.

ತೇಪೆಯ ವಾದ ನಿಲ್ಲದೆಂಬುದಕ್ಕೆ ಬಲವಾದ ಪ್ರಮಾಣ ಕಾವ್ಯದೊಳಗೇ ಇದೆ. ವೀರಧರ್ಮ ಎಲ್ಲಿ ತನ್ನ ಎಲ್ಲೆಯನ್ನು ಮುಟ್ಟಿ ನಿಸ್ಸಹಾಯವಾಗುತ್ತದೆಯೋ ಆ ಸ್ಥಳಗಳನ್ನೇ ಕವಿ ಹುಡುಕಿ ಹುಡುಕಿ ತೋರಿಸುತ್ತಾನೆ. ಹ್ರೇಥೆಲ್ ಎಂಬ ಮುದಿ ಅರಸನ ಒಬ್ಬ ಮಗ ಎಸೆದ ಬಾಣ ಗುರಿತಪ್ಪಿ ಇನ್ನೊಬ್ಬ ಮಗನಿಗೆ ತಾಗಿ ಅವನು ಸಾಯುತ್ತಾನೆ. ಕೊಲೆಗೆ ಕೊಲೆ, ಇಲ್ಲವೆ ದಂಡದ ಹಣ. ಇದು ಆ ಜನರ ಕಟ್ಟಳೆ. ಆದರೆ ಕೊಂದವನೂ ಮಗ, ಸತ್ತವನೂ ಮಗನಾದರೆ ತಂದೆ ಯಾರ ಮೇಲೆ ಕತ್ತಿಯೆತ್ತಬೇಕು, ಯಾರಿಂದ ದಂಡ ಪಡೆಯಬೇಕು? ಸೇಡಿನ ನ್ಯಾಯ ಇಲ್ಲಿ ಬಾಯಿ ಕಟ್ಟಿ ನಿಲ್ಲುತ್ತದೆ. ಮುದುಕನು ಕೊರಗಿ ಕೊರಗಿ, ಕೊನೆಗೆ ದೇವರ ಬೆಳಕಿನ ಕಡೆಗೆ ಮುಖ ತಿರುಗಿಸಿ ಪ್ರಾಣ ಬಿಡುತ್ತಾನೆ. ಹಾಗೆಯೇ ಹಿಲ್ಡೆಬುರ್ ಎಂಬ ಡೇನರ ರಾಜಕುಮಾರಿಯ ಕಥೆ. ವೈರ ಶಮನವಾಗಲೆಂದೋ ಏನೋ, ಅವಳನ್ನು ಫ್ರಿಸಿಯನ್ನರ ದೊರೆ ಫಿನ್ನನಿಗೆ ಕೊಟ್ಟಿದ್ದಾರೆ. ಎರಡೂ ಮನೆಗಳ ನಡುವೆ ಕಾಳಗ ಹೊತ್ತಿದಾಗ ಅವಳ ಅಣ್ಣನೂ ಮಗನೂ ಎದುರುಬದಿರಾಗಿ ನಿಂತು ಮಡಿಯುತ್ತಾರೆ; ಇಬ್ಬರನ್ನೂ ಒಂದೇ ಚಿತೆಯ ಮೇಲೆ ಅವಳೇ ಮಲಗಿಸುತ್ತಾಳೆ. ಈ ಕಥೆಯನ್ನು ಕವಿ ಹಾಡಿಸುವುದು ವಿಜಯೋತ್ಸವದ ಔತಣದಲ್ಲಿ! ಸೇಡಿನ ವೈಭವವನ್ನು ಕೇಳಿ ನಲಿಯುವ ಸಭೆಯ ನಡುವೆ ಆ ತಾಯಿಯ ಮೌನವನ್ನು ತಂದಿರಿಸಿದ ಕವಿಗೆ ವೀರಧರ್ಮದ ಬೆಲೆಯೂ ಗೊತ್ತು, ಅದಕ್ಕೆ ತೆರಬೇಕಾದ ಬೆಲೆಯೂ ಗೊತ್ತು. ಹೊರಗಿನಿಂದ ಬಂದು ಉಪದೇಶವನ್ನು ಅಂಟಿಸಿಹೋದವನ ಕೆಲಸವಲ್ಲ ಇದು.

ಹ್ರೋಥ್‌ಗಾರನ ಹಿತೋಪದೇಶವೂ ಇಂಥದೇ. ಎರಡನೆಯ ಗೆಲವಿನ ನಂತರ ಬಿಯೊವುಲ್ಫನು ಕೀರ್ತಿಯ ಶಿಖರದಲ್ಲಿದ್ದಾನೆ. ಆಗ ಮುದಿದೊರೆ ಅವನನ್ನು ಮನಸಾರೆ ಹೊಗಳಿ, ಆ ಹೊಗಳಿಕೆಯ ನಡುವೆಯೇ ಗರ್ವದ ಅಪಾಯವನ್ನು ತಿಳಿಸುತ್ತಾನೆ. ದೇವರು ಒಬ್ಬನಿಗೆ ಬಲ, ಸಿರಿ, ಅಧಿಕಾರಗಳನ್ನು ಕೊಟ್ಟಾಗ ಅವನ ಆತ್ಮದ ಕಾವಲುಗಾರ ನಿದ್ದೆ ಹೋಗುತ್ತಾನೆ. ಕೈಬಿಚ್ಚಿ ಕೊಡುವುದನ್ನು ನಿಲ್ಲಿಸುತ್ತಾನೆ. ಈಗಿನ ಬಲ ಕೆಲವು ಕಾಲದ್ದು, ರೋಗವೋ ಕತ್ತಿಯೋ ಬೆಂಕಿಯೋ ಮುಪ್ಪೋ ಅದನ್ನು ಕೊಂಡೊಯ್ಯುತ್ತದೆ ಎಂಬುದು ಉಪದೇಶದ ತಿರುಳು. ಇಲ್ಲಿ ವೀರಧರ್ಮದ ಔದಾರ್ಯವೂ ದೈವಶ್ರದ್ಧೆಯ ವಿನಯವೂ ಒಂದೇ ಮಾತಿನಲ್ಲಿ ಸೇರಿವೆ. ಜಿಪುಣನಾದ ದೊರೆ ಹಳೆಯ ಕಟ್ಟಳೆಗೂ ದ್ರೋಹಿ, ಹೊಸ ಧರ್ಮಕ್ಕೂ ದ್ರೋಹಿ. ಎರಡು ಧರ್ಮಗಳೂ ಕೂಡುವ ತಾಣಗಳನ್ನು ಕವಿ ಹೀಗೆ ಎಚ್ಚರದಿಂದ ಆಯ್ದುಕೊಂಡಿದ್ದಾನೆ.

ಬಿಯೊವುಲ್ಫನ ನಡತೆಯಲ್ಲಿಯೂ ಅದೇ ಮೇಳವಿದೆ. ಅವನ ಸೋದರಮಾವನಾದ ದೊರೆ ಹಿಗೆಲಾಕನು ಯುದ್ಧದಲ್ಲಿ ಮಡಿದಾಗ ರಾಣಿ ತಾನಾಗಿಯೇ ಇವನಿಗೆ ಸಿಂಹಾಸನವನ್ನು ನೀಡಲು ಬರುತ್ತಾಳೆ. ಅವನು ಅದನ್ನು ಒಲ್ಲದೆ, ಎಳೆಯ ರಾಜಕುಮಾರನ ಬೆಂಬಲಕ್ಕೆ ನಿಲ್ಲುತ್ತಾನೆ. ಆ ಹುಡುಗನು ತೀರಿಹೋದ ಮೇಲೆಯೇ ಅರಸನಾಗುತ್ತಾನೆ. ಸಾಯುವಾಗ ಅವನಿಗೆ ಸಮಾಧಾನ ತಂದುದು ಕೊಂದ ರಾಕ್ಷಸರ ನೆನಪಲ್ಲ. ತಾನು ಕಪಟದ ಜಗಳವನ್ನು ಹುಡುಕಲಿಲ್ಲ, ಸುಳ್ಳು ಆಣೆಯಿಡಲಿಲ್ಲ, ಬಂಧುವಧೆ ಮಾಡಲಿಲ್ಲ ಎಂಬ ತೃಪ್ತಿ. ಕಾವ್ಯದ ಉಳಿದೆಲ್ಲ ಮನೆತನಗಳೂ ಬಂಧುವಧೆಯಿಂದ, ಮುರಿದ ಆಣೆಗಳಿಂದ ಸುಟ್ಟುಹೋಗುತ್ತಿರುವಾಗ ಈ ತೃಪ್ತಿ ಸಾಮಾನ್ಯವಾದುದಲ್ಲ. ಕೇನನ ಪಾಪವೂ ಬಂಧುವಧೆಯೇ ಆಗಿತ್ತೆಂಬುದನ್ನು ನೆನೆದರೆ, ಗ್ರೆಂಡೆಲನ ವಂಶವನ್ನು ಕವಿ ಕೇನನಿಗೆ ಏಕೆ ಜೋಡಿಸಿದನೆಂಬುದೂ ವಿಶದವಾಗುತ್ತದೆ. ರಾಕ್ಷಸನು ಕೋಟೆಯ ಹೊರಗಿನ ಕತ್ತಲೆಯಲ್ಲಿ ಮಾತ್ರ ಇರಲಿಲ್ಲ.

ಇನ್ನು ಅಂತ್ಯ. ಸರ್ಪದೊಡನೆ ಸೆಣಸುವಾಗ ಅನುಚರರಲ್ಲಿ ವಿಗ್ಲಾಫನೊಬ್ಬನ ಹೊರತು ಉಳಿದವರೆಲ್ಲ ಕಾಡಿಗೆ ಓಡುತ್ತಾರೆ. ದೊರೆ ಮಡಿಯುತ್ತಾನೆ. ಅವನ ಆತ್ಮ ಸತ್ಯವಂತರ ‘ದೋಮ್’ ಅನ್ನು ಅರಸಿ ಹೋಯಿತೆಂದು ಕವಿ ಹೇಳುತ್ತಾನೆ. ಆ ಭಾಷೆಯಲ್ಲಿ ಈ ಶಬ್ದಕ್ಕೆ ತೀರ್ಪು ಎಂಬ ಅರ್ಥವೂ ಉಂಟು, ಕೀರ್ತಿ ಎಂಬ ಅರ್ಥವೂ ಉಂಟು. ದೇವರ ಸನ್ನಿಧಿಯಲ್ಲಿ ಸಜ್ಜನರಿಗೆ ದೊರೆಯುವ ತೀರ್ಪೊ, ಸಜ್ಜನರ ಬಾಯಿಂದ ದೊರೆಯುವ ಕೀರ್ತಿಯೊ? ಕವಿ ಬಿಡಿಸಿ ಹೇಳುವುದಿಲ್ಲ. ಶಬ್ದದಾರಿದ್ರ್ಯದಿಂದ ಉಂಟಾದ ಸಂದೇಹವಲ್ಲ ಇದು. ಬೇಕೆಂದೇ ಇಟ್ಟ ಶ್ಲೇಷ. ವೀರನು ಮೋಕ್ಷ ಪಡೆದನೆಂದು ಹೇಳುವ ಅಧಿಕಾರ ತನಗಿಲ್ಲ. ನರಕಕ್ಕೆ ಹೋದನೆಂದು ಹೇಳಲು ಮನಸ್ಸೂ ಇಲ್ಲ. ಎರಡರ ನಡುವೆ ಒಂದು ಶಬ್ದವನ್ನಿರಿಸಿ ಕವಿ ಕೈಮುಗಿದು ನಿಲ್ಲುತ್ತಾನೆ.

ತರುವಾಯ ಹಳೆಯ ಪದ್ಧತಿಯಂತೆಯೇ ಚಿತೆ ಉರಿಯುತ್ತದೆ. ಹೆಂಗಸೊಬ್ಬಳು ಬರಲಿರುವ ಕೇಡನ್ನು ನೆನೆದು ರೋದಿಸುತ್ತಾಳೆ. ಕಡಲಿನ ಅಂಚಿನಲ್ಲಿ ಹತ್ತು ದಿನಗಳಲ್ಲಿ ಸಮಾಧಿದಿಬ್ಬವೊಂದು ಏಳುತ್ತದೆ. ಹನ್ನೆರಡು ಜನ ವೀರರು ಕುದುರೆಯೇರಿ ಅದನ್ನು ಸುತ್ತುತ್ತ ಒಡೆಯನನ್ನು ಹಾಡುತ್ತಾರೆ. ಅವನ ಮೃದುತ್ವವನ್ನೂ ಜನವಾತ್ಸಲ್ಯವನ್ನೂ ನೆನೆದು ಕಟ್ಟಕಡೆಗೆ ಅವರು ನುಡಿಯುವ ಶಬ್ದ, ಹೊಗಳಿಕೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಬಯಸಿದವನು ಎಂಬರ್ಥದ್ದು. ಅಂದಿನ ಧರ್ಮೋಪದೇಶದ ಗದ್ಯಗ್ರಂಥಗಳಲ್ಲಿ ಈ ಶಬ್ದ ದೋಷವಾಚಕ. ಅಹಂಕಾರಿಯನ್ನು ಹಳಿಯಲು ಬಳಸುವಂಥದು. ಅದನ್ನೇ ಕಾವ್ಯದ ಕಲಶವಾಗಿ ಇರಿಸಿದ ಕವಿಯ ಧೈರ್ಯ ದೊಡ್ಡದು. ವೀರನನ್ನು ತನ್ನ ಮತದ ಸಂತನನ್ನಾಗಿ ತಿದ್ದಬೇಕೆಂಬ ಆಸೆ ಅವನಿಗಿದ್ದರೆ ಆ ಶಬ್ದ ಅಲ್ಲಿ ಬರುತ್ತಿರಲಿಲ್ಲ. ಪೂರ್ವಿಕರು ಹೇಗಿದ್ದರೋ ಹಾಗೆಯೇ, ಅವರ ಹಂಬಲ ಯಾವುದಾಗಿತ್ತೋ ಅದರ ಹೆಸರಿನಲ್ಲಿಯೇ ಅವರನ್ನು ಬೀಳ್ಕೊಡುತ್ತಾನೆ. ಪೂರ್ವಿಕರನ್ನು ಗೌರವಿಸಲು ಅವರನ್ನು ನಿಂದಿಸದಿರುವುದಷ್ಟೇ ಸಾಲದು, ಅವರನ್ನು ತಮ್ಮವರೆಂದು ತೋರಿಸಲು ಸುಳ್ಳು ವೇಷ ತೊಡಿಸದಿರುವುದೂ ಅಗತ್ಯ. ಈ ಕಾವ್ಯದ ಪರಮಾರ್ಥ ಇದೇ ಎಂದು ಹೇಳಬೇಕಾಗುತ್ತದೆ.

ಕವಿಯ ಈ ಮನಃಸ್ಥಿತಿ ಅವನೊಬ್ಬನದೇ ಆಗಿರಲಿಲ್ಲ. 731ರಲ್ಲಿ ತನ್ನ ಧರ್ಮೇತಿಹಾಸವನ್ನು ಮುಗಿಸಿದ ಸಂನ್ಯಾಸಿ ಬೀಡನು, ಪೂರ್ವ ಆಂಗ್ಲಿಯದ ದೊರೆ ರೆಡ್ವಾಲ್ಡನು ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು, ಹಳೆಯ ದೇವತೆಗಳಿಗೊಂದು ವೇದಿಕೆಯನ್ನು ಇಟ್ಟುಕೊಂಡಿದ್ದನೆಂದು ಅಸಮಾಧಾನದಿಂದ ಬರೆದಿದ್ದಾನೆ. 1939ರಲ್ಲಿ ಸಫಕ್ ಪ್ರಾಂತದ ಸಟನ್ ಹೂ ಎಂಬಲ್ಲಿ ಮಣ್ಣುದಿಬ್ಬವೊಂದನ್ನು ಅಗೆದಾಗ, ಏಳನೆಯ ಶತಮಾನದ ಆದಿಭಾಗದ ದೊಡ್ಡ ನಾವೆಯೊಂದರ ಗುರುತು ದೊರೆಯಿತು. ನಾವೆಯೊಳಗೆ ಶಿರಸ್ತ್ರಾಣ, ಕತ್ತಿ, ಚಿನ್ನದ ಒಡವೆಗಳ ಜೊತೆಗೆ ಶಿಲುಬೆಯಾಕಾರದ ಅಲಂಕಾರವುಳ್ಳ ಹತ್ತು ಬೆಳ್ಳಿಯ ಬಟ್ಟಲುಗಳಿದ್ದವು. ಆ ಸಮಾಧಿ ರೆಡ್ವಾಲ್ಡನದೇ ಇರಬೇಕೆಂದು ಹಲವರ ಊಹೆ. ಬೀಡನೇ ಹೇಳುವ ಇನ್ನೊಂದು ಪ್ರಸಂಗ ಇನ್ನೂ ಹೃದ್ಯವಾದುದು. ನಾರ್ಥಂಬ್ರಿಯದ ದೊರೆ ಎಡ್ವಿನನು ಹೊಸ ಮತವನ್ನು ಸ್ವೀಕರಿಸಬೇಕೆ ಎಂದು ಮಂತ್ರಾಲೋಚನೆ ನಡೆಸಿದಾಗ ಸಾಮಂತನೊಬ್ಬನು ಮನುಷ್ಯನ ಬಾಳನ್ನು ಗುಬ್ಬಚ್ಚಿಗೆ ಹೋಲಿಸಿದನಂತೆ. ಚಳಿಗಾಲದ ರಾತ್ರಿ, ಒಳಗೆ ಬೆಂಕಿ ಉರಿಯುವ ಸಭಾಮಂದಿರದೊಳಕ್ಕೆ ಒಂದು ಬಾಗಿಲಿನಿಂದ ಹಾರಿಬಂದ ಗುಬ್ಬಚ್ಚಿ ಕ್ಷಣಕಾಲ ಬೆಚ್ಚಗಿದ್ದು ಇನ್ನೊಂದು ಬಾಗಿಲಿನಿಂದ ಕತ್ತಲೆಗೆ ಹಾರಿಹೋಗುತ್ತದೆ. ಮೊದಲೇನಿತ್ತು, ಆಮೇಲೇನು ಎಂಬುದನ್ನು ಈ ಹೊಸ ಬೋಧೆ ತಿಳಿಸುವುದಾದರೆ ಕೇಳೋಣ ಎಂಬುದು ಅವನ ಅಭಿಪ್ರಾಯ. ಬೆಳಕಿನ ಆ ಮಂದಿರವೇ ಹೆಯೊರೊಟ್. ಹೊರಗಿನ ಆ ಕತ್ತಲೆಯೇ ಗ್ರೆಂಡೆಲನ ಬೀಡು. ಆಂಗ್ಲರ ವೀರಧರ್ಮಕ್ಕೂ ದೈವಶ್ರದ್ಧೆಗೂ ಮೂಲ ಒಂದೇ ಭಯ, ಒಂದೇ ಹಂಬಲ.

ಬೆರಕೆ ಎರಡು ದಿಕ್ಕುಗಳಿಂದಲೂ ನಡೆಯಿತು. ಹಳೆಯ ವೀರಕಥೆಯೊಳಗೆ ದೇವರು ಬಂದಂತೆ, ದೇವರ ಕಥೆಯೊಳಗೂ ವೀರಧರ್ಮ ಹೊಕ್ಕಿತು. ಇಟಲಿಯ ವೆರ್ಚೆಲ್ಲಿ ನಗರದಲ್ಲಿ ಉಳಿದಿರುವ ಪ್ರಾಚೀನ ಆಂಗ್ಲ ಹಸ್ತಪ್ರತಿಯೊಂದರಲ್ಲಿ ಶಿಲುಬೆಯ ಕನಸನ್ನು ಕುರಿತ ಕಾವ್ಯವಿದೆ. ಅದರ ಕೆಲವು ಪಂಕ್ತಿಗಳನ್ನು ಹೋಲುವ ಬರಹ ಸ್ಕಾಟ್ಲೆಂಡಿನ ರುತ್‌ವೆಲ್ ಎಂಬಲ್ಲಿಯ ಕಲ್ಲಿನ ಶಿಲುಬೆಯ ಮೇಲೆ ಪ್ರಾಚೀನ ರೂನ್ ಲಿಪಿಯಲ್ಲಿ ಕೆತ್ತಿದೆ. ಅಲ್ಲಿ ಕ್ರಿಸ್ತನು ಕಾಳಗಕ್ಕೆ ಅಣಿಯಾದ ತರುಣವೀರನಂತೆ ತಾನಾಗಿ ಶಿಲುಬೆಯನ್ನು ಏರುತ್ತಾನೆ. ಕಥೆಯನ್ನು ಹೇಳುವುದು ಶಿಲುಬೆಯ ಮರವೇ. ಒಡೆಯನಿಗಾಗಿ ಪ್ರಾಣ ಕೊಡಬೇಕಾದ ಅನುಚರನಂತಿರುವ ಆ ಮರಕ್ಕೆ, ಒಡೆಯನ ಆಜ್ಞೆಯಂತೆಯೇ ಅಲುಗದೆ ನಿಂತು ಅವನ ಸಾವಿಗೆ ಸಾಧನವಾಗಬೇಕಾದ ದುಃಖ. ಸ್ವಾಮಿನಿಷ್ಠೆಯೆಂದರೇನೆಂದು ಬಲ್ಲ ಜನಕ್ಕೆ ಕ್ರಿಸ್ತನ ಕಥೆಯನ್ನು ಇದಕ್ಕಿಂತ ಹೃದಯಂಗಮವಾಗಿ ಹೇಳುವುದು ಶಕ್ಯವಿರಲಿಲ್ಲ.

ಆದರೆ ವೀರಧರ್ಮವನ್ನು ಕಣ್ಣುಮುಚ್ಚಿ ಹೊಗಳುವುದೂ ಈ ಕವಿಗಳ ರೀತಿಯಲ್ಲ. 991ರಲ್ಲಿ ಎಸೆಕ್ಸಿನ ಅಧಿಪತಿ ಬಿರ್ಟ್‌ನೋತನು ಮಾಲ್ಡನ್ ಎಂಬಲ್ಲಿ ವೈಕಿಂಗ್ ದಂಡನ್ನು ಎದುರಿಸಿ ಮಡಿದ ಪ್ರಸಂಗವನ್ನು ಕುರಿತ ಕಾವ್ಯದಲ್ಲಿ ಇದು ಸ್ಪಷ್ಟವಾಗಿದೆ. ಆದಿ ಅಂತ್ಯಗಳು ಕಳೆದುಹೋಗಿ 325 ಪಂಕ್ತಿಗಳು ಉಳಿದಿವೆ. ಶತ್ರುಗಳು ಕಿರಿದಾದ ಏರಿಯನ್ನು ದಾಟಲಾರದೆ ನಿಂತಿದ್ದಾಗ, ಬಿರ್ಟ್‌ನೋತನು ಮಿತಿಮೀರಿದ ಮನಸ್ಸಿನಿಂದ ಅವರಿಗೆ ದಾಟಲು ಎಡೆಗೊಟ್ಟನೆಂದು ಕವಿ ನಿಸ್ಸಂಕೋಚವಾಗಿ ಹೇಳುತ್ತಾನೆ. ಹ್ರೋಥ್‌ಗಾರನು ಎಚ್ಚರಿಸಿದ ಗರ್ವವೇ ಅದು. ಅವನಿಂದ ಎಷ್ಟೋ ಕುದುರೆಗಳನ್ನು ಪಡೆದಿದ್ದ ಗಾಡ್ರಿಕ್ ಎಂಬವನು ಅವನ ಕುದುರೆಯನ್ನೇ ಹತ್ತಿ ಓಡಿಹೋಗುತ್ತಾನೆ. ಬಿರ್ಟ್‌ವೋಲ್ಡ್ ಎಂಬ ಮುದಿ ಅನುಚರನು, ಬಲ ಕುಗ್ಗಿದಷ್ಟೂ ಮನಸ್ಸು ಗಟ್ಟಿಯಾಗಬೇಕೆಂದು ಹೇಳಿ, ಒಡೆಯನ ಪಕ್ಕದಲ್ಲಿಯೇ ಬೀಳಲು ನಿಲ್ಲುತ್ತಾನೆ. ಬಿರ್ಟ್‌ನೋತನು ಸಾಯುವಾಗ ಬಾಳಿನಲ್ಲಿ ಕಂಡ ಸುಖಗಳಿಗಾಗಿ ದೇವರಿಗೆ ವಂದಿಸಿ ತನ್ನ ಆತ್ಮವನ್ನು ಒಪ್ಪಿಸುತ್ತಾನೆ. ಅದೇ ವರ್ಷ ವೈಕಿಂಗರಿಗೆ 10,000 ಪೌಂಡುಗಳ ಕಪ್ಪ ತೆರಬೇಕಾಯಿತೆಂಬುದನ್ನು ಚರಿತ್ರೆ ಹೇಳುತ್ತದೆ. ಆದರೆ ಏಲಿಯ ಮಠದವರು ಮಹಾದಾನಿಯಾಗಿದ್ದ ಅವನನ್ನು ಮರೆಯಲಿಲ್ಲ. ಶತ್ರುಗಳು ಅವನ ತಲೆಯನ್ನು ಕೊಂಡೊಯ್ದಿದ್ದರಿಂದ ಅದರ ಸ್ಥಾನದಲ್ಲಿ ಮೇಣದ ಉಂಡೆಯೊಂದನ್ನಿರಿಸಿ ಮಠದಲ್ಲಿಯೇ ಅವನ ದೇಹವನ್ನು ಹೂಳಲಾಯಿತೆಂದೂ, ಅವನ ವಿಧವೆ ಅವನ ಸಾಹಸಗಳನ್ನು ಚಿತ್ರಿಸಿದ ತೆರೆಯೊಂದನ್ನು ಮಠಕ್ಕೆ ಅರ್ಪಿಸಿದಳೆಂದೂ ಆ ಮಠದ ಗ್ರಂಥ ತಿಳಿಸುತ್ತದೆ. ವೀರನ ಚಿತ್ರಪಟಕ್ಕೆ ಮಠದ ಗೋಡೆಯಲ್ಲಿ ಎಡೆ ದೊರೆಯಿತು, ಮನೆ ಇಕ್ಕಟ್ಟಾಗಲಿಲ್ಲ.

ಆಲ್ಕ್ವಿನನ ಕಳವಳವನ್ನು ಹಗುರವಾಗಿ ಎಣಿಸಬಾರದು. ಆಚಾರ್ಯನಾದವನಿಗೆ ತನ್ನ ಶಿಷ್ಯರು ಏನನ್ನು ಕೇಳುತ್ತಾರೆ, ಏನನ್ನು ಓದುತ್ತಾರೆ ಎಂಬ ಚಿಂತೆ ಸಹಜವೇ ಸರಿ. ಸೇಡಿನ ಕಥೆಗಳಿಂದ ಸೇಡು ಬೆಳೆದೀತೆಂಬ ಅವನ ಭಯಕ್ಕೆ ಕಾರಣವಿತ್ತು. ಆದರೆ ಔಷಧಿಯನ್ನು ತಪ್ಪಾಗಿ ಹೇಳಿದನೆನ್ನಬೇಕು. ಹಾಡನ್ನು ನಿಲ್ಲಿಸಿದ್ದರೆ ಹಿಲ್ಡೆಬುರಳ ಕಣ್ಣೀರೂ ನಿಂತುಹೋಗುತ್ತಿತ್ತು. ಸೇಡಿನ ವ್ಯರ್ಥತೆಯನ್ನು ತಿಳಿಸುವ ಕಥೆಯೂ ಅಳಿದುಹೋಗುತ್ತಿತ್ತು. ಕಾವ್ಯವನ್ನು ಗದರಿಸಿ ಹೊರಗಟ್ಟುವುದಕ್ಕಿಂತ ಅದನ್ನು ಒಳಗೆ ಕೂರಿಸಿಕೊಂಡು ಅರ್ಥ ಹೇಳುವುದೇ ವಿದ್ಯಾಸಂಸ್ಥೆಯ ಕರ್ತವ್ಯ.

ಹಾಗೆ ಒಳಗೆ ಕೂರಿಸಿಕೊಂಡ ಲಿಪಿಕಾರರ ಹೆಸರು ಯಾರಿಗೂ ತಿಳಿಯದು. ಅಕ್ಷರವಿದ್ಯೆಯೆಂಬುದು ಬಹುಮಟ್ಟಿಗೆ ಮಠಮಂದಿರಗಳ ಆಶ್ರಯದಲ್ಲಿಯೇ ಇದ್ದ ಕಾಲವದು. ದುಬಾರಿಯಾದ ಚರ್ಮದ ಹಾಳೆಗಳನ್ನೂ ತಿಂಗಳುಗಟ್ಟಲೆ ಶ್ರಮವನ್ನೂ ಅವರು ತಮ್ಮ ಮತಕ್ಕೆ ಸೇರದ ವೀರನೊಬ್ಬನಿಗಾಗಿ ವ್ಯಯಿಸಿದರು. 1731ರ ಅಕ್ಟೋಬರಿನಲ್ಲಿ ವೆಸ್ಟ್‌ಮಿನ್‌ಸ್ಟರಿನ ಆಶ್‌ಬರ್ನಂ ಭವನಕ್ಕೆ ಬೆಂಕಿ ಬಿದ್ದಾಗ ಮಾಲ್ಡನ್ ಕಾವ್ಯದ ಪ್ರತಿ ಸುಟ್ಟು ಬೂದಿಯಾಯಿತು. ಅದಕ್ಕೆ ಕೊಂಚ ಮೊದಲು ಯಾರೋ ನಕಲು ಮಾಡಿಟ್ಟುಕೊಂಡಿದ್ದರಿಂದ ಕಾವ್ಯ ಉಳಿಯಿತು. ಬಿಯೊವುಲ್ಫ್ ಪ್ರತಿ ಅಂಚು ಕರಕಲಾಗಿ ಬದುಕಿತು. ಆ ಅಂಚುಗಳು ವರ್ಷ ವರ್ಷಕ್ಕೆ ಉದುರುತ್ತಿದ್ದಾಗ ಥೋರ್ಕೆಲಿನ್ ಎಂಬ ವಿದ್ವಾಂಸನು ಅದರ ನಕಲುಗಳನ್ನು ಪಡೆದು, 1807ರ ಕೋಪನ್‌ಹೇಗನ್ ನಗರದ ಮೇಲಿನ ಗುಂಡಿನ ದಾಳಿಯಲ್ಲಿ ತನ್ನ ಸಿದ್ಧತೆಗಳೆಲ್ಲ ನಾಶವಾದರೂ ಎದೆಗುಂದದೆ, 1815ರಲ್ಲಿ ಮೊದಲ ಬಾರಿಗೆ ಅದನ್ನು ಅಚ್ಚಿನಲ್ಲಿ ಹೊರತಂದನು. ಈಗ ಮೂಲಪ್ರತಿಯಲ್ಲಿ ಕಾಣದ ಎಷ್ಟೋ ಅಕ್ಷರಗಳಿಗೆ ಆ ನಕಲುಗಳೇ ಆಧಾರ. ಬಲ ಕುಗ್ಗಿದಷ್ಟೂ ಮನಸ್ಸನ್ನು ಗಟ್ಟಿಮಾಡಿಕೊಂಡವರು ರಣರಂಗದಲ್ಲಿ ಮಾತ್ರ ಇರಲಿಲ್ಲವೆಂಬುದಕ್ಕೆ ಇದೇ ನಿದರ್ಶನ.

ವಿದ್ಯಾದಾನ ಮಾಡುವ ಗುರುಗಳೂ, ಅಲ್ಲಿ ಕಲಿತು ಹೊರಹೋದ ಶಿಷ್ಯರೂ, ಧನಕನಕವಿತ್ತು ಆ ದಾನವನ್ನು ಪೋಷಿಸುವ ಮಹನೀಯರೂ ಈ ಕಥೆಯಿಂದ ಗ್ರಹಿಸಬಹುದಾದುದು ಅಲ್ಪವೇನಲ್ಲ. ತನ್ನ ಶ್ರದ್ಧೆಯಲ್ಲಿ ದೃಢವಾಗಿ ನಿಂತವನು ಅನ್ಯರ ಮಹತ್ವವನ್ನು ಕಂಡು ಅಂಜಬೇಕಾಗಿಲ್ಲ. ಬಿಯೊವುಲ್ಫನ ಕವಿಗೆ ತನ್ನ ದೇವರಲ್ಲಿ ಸಂದೇಹವಿರಲಿಲ್ಲ. ಆದುದರಿಂದಲೇ ಆ ದೇವರನ್ನರಿಯದ ಹಿರಿಯರನ್ನು ಪ್ರೀತಿಯಿಂದ, ಸತ್ಯದಿಂದ, ಕಣ್ಣೀರಿನಿಂದ ಹಾಡುವುದು ಅವನಿಗೆ ಸಾಧ್ಯವಾಯಿತು. ಮನೆ ಇಕ್ಕಟ್ಟೊ ವಿಶಾಲವೊ ಎಂಬುದು ಗೋಡೆಗಳ ಅಳತೆಯಿಂದ ತೀರ್ಮಾನವಾಗುವುದಿಲ್ಲ; ಅದರೊಳಗೆ ದೀಪ ಹಚ್ಚಿ ಕುಳಿತು ಓದುವವರ ಮನಸ್ಸಿನ ಅಳತೆಯಿಂದ ತೀರ್ಮಾನವಾಗುತ್ತದೆ.